ಹೆಪಟೈಟಿಸ್ ಸಿ: ಜೀನೋಟೈಪ್ 3 ಇದ್ದರೆ ಯಾವ ಮಾತ್ರೆ, 1 ಇದ್ದರೆ ಯಾವುದು?

ನಮ್ಮ ದೇಶದ ಹೆಪಟೈಟಿಸ್ ಸಿ ರೋಗಿಗಳಲ್ಲಿ ಜೀನೋಟೈಪ್ (ವೈರಸ್‌ನ ತಳಿ) 3ರದ್ದೇ ಮೇಲುಗೈ. ದಕ್ಷಿಣಕ್ಕೆ ಬಂದರೆ 1ರ ಪಾಲು ಏರುತ್ತದೆ. ಇಂಟರ್‌ಫೆರಾನ್ ಚುಚ್ಚುಮದ್ದಿನ ಕಾಲದಲ್ಲಿ ಇದು ದೊಡ್ಡ ವ್ಯತ್ಯಾಸ: 3ಕ್ಕೆ 24 ವಾರ, 1ಕ್ಕೆ 48. ಈಗಿನ ಮಾತ್ರೆಗಳು ಲೆಕ್ಕ ಉಲ್ಟಾ ಮಾಡಿವೆ. ಸಿರೋಸಿಸ್ (ಲಿವರ್ ಗಾಯದ ಕಲೆಗಟ್ಟಿ ಗಡುಸಾಗುವುದು) ಇದ್ದರೆ 3 ಹೆಚ್ಚು ಹಟಮಾರಿ.

ಹಾಗಾಗಿ 3 ಇರಲಿ, 1 ಇರಲಿ, ಆಯ್ಕೆ ನಿಂತಿರುವುದು ಲಿವರ್ ಸ್ಥಿತಿಯ ಮೇಲೆ. ಸಿರೋಸಿಸ್ ಇಲ್ಲವೇ? ಸೊಫೊಸ್‌ಬುವಿರ್ ಜೊತೆ ಡಕ್ಲಾಟಾಸ್ವಿರ್, 12 ವಾರ. ಇದೆಯೇ? ಡಕ್ಲಾಟಾಸ್ವಿರ್ ಬದಲು ವೆಲ್ಪಟಾಸ್ವಿರ್. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಎರಡೂ ಉಚಿತ. ಮೊದಲ ಸಲ ಚಿಕಿತ್ಸೆಗೆ ಹೋಗುವವರು ಜೀನೋಟೈಪ್ ಪರೀಕ್ಷೆಗೆ ದುಡ್ಡು ಸುರಿಯುವುದು ಬಹುಪಾಲು ದಂಡ ಎಂದೇ ನನ್ನ ಅನಿಸಿಕೆ.

ವೆಲ್ಪಟಾಸ್ವಿರ್‌ದು ಒಂದು ಕಿರಿಕಿರಿ: ಗ್ಯಾಸ್ಟ್ರಿಕ್‌ಗೆಂದು ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಝೋಲ್, ಈ ಔಷಧಿ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಡಾಕ್ಟರಿಗೆ ಮೊದಲೇ ಹೇಳಿಬಿಡಿ.