ಮೇ ತಿಂಗಳಲ್ಲಿ ಆಲ್ಪ್ಸ್ ಚಾರಣದ ಪ್ಯಾಕೇಜಿಗೆ ಮುಂಗಡ ಕಟ್ಟುವ ಮುನ್ನ

ಬೇಸಿಗೆ ರಜೆಗೆಂದು ‘ದಂಪತಿಗಳಿಗೆ ಸ್ವಿಸ್ ಚಾರಣ’ ಎಂಬ ಪ್ಯಾಕೇಜನ್ನು ನೋಡುತ್ತಿರುವವರು, ಅದರಲ್ಲಿ ಗ್ರಿಂಡೆಲ್‌ವಾಲ್ಡ್ ಎಂಬ ಊರೂ ಮೇ ತಿಂಗಳ ದಿನಾಂಕವೂ ಇದ್ದರೆ, ಹಣ ಕಟ್ಟುವ ಮುನ್ನ ನನಗೂ ನನ್ನ ಪತ್ನಿಗೂ ಆದದ್ದನ್ನು ಓದಬೇಕೆಂದು ವಿನಂತಿ.

ಬೆಂಗಳೂರಿನ ಏಜೆನ್ಸಿಯೊಂದು ನಮಗೆ ಕಳುಹಿಸಿದ ಕರಪತ್ರದಲ್ಲಿ ಬಾಖಾಲ್ಪ್‌ಸೇ ಸರೋವರದ ಚಿತ್ರವಿತ್ತು. ನೀಲಿ ನೀರು, ದಡದ ತುಂಬ ಹೂವು, ನೀರಿನಲ್ಲಿ ಹಿಮಶಿಖರದ ನೆರಳು. ಅದು ಜುಲೈ ಅಥವಾ ಆಗಸ್ಟ್‌ನ ನೋಟ. ಗ್ರಿಂಡೆಲ್‌ವಾಲ್ಡ್ ಇರುವುದು 1,034 ಮೀಟರ್ ಎತ್ತರದಲ್ಲಿ, ಸರೋವರವಿರುವುದು 2,265 ಮೀಟರ್ ಎತ್ತರದಲ್ಲಿ. ಊರಿನಲ್ಲಿ ಹುಲ್ಲು ಹಸಿರಾಗಿ ಹಸುಗಳ ಗಂಟೆ ಕೇಳಿಸುವ ಹೊತ್ತಿನಲ್ಲೂ ಮೇಲೆ ಚಳಿಗಾಲ ಮುಗಿದಿರುವುದಿಲ್ಲ. ಸರೋವರದ ಹಾದಿ ಶುರುವಾಗುವ ಫಿರ್ಸ್ಟ್ ಎಂಬ ನಿಲ್ದಾಣವನ್ನು ಕೇಬಲ್ ಕಾರಿನಲ್ಲಿ ತಲುಪಿದಾಗ ದಾರಿ ಮುಚ್ಚಿದೆ ಎಂಬ ಫಲಕ ನಮ್ಮನ್ನು ಎದುರುಗೊಂಡಿತು. ಅದರಾಚೆ ಹಾದಿಯ ಗುರುತಿನ ಕಂಬಗಳು ಅರ್ಧದಷ್ಟು ಹಿಮದಲ್ಲಿ ಹೂತಿದ್ದವು. ಏಜೆನ್ಸಿಯವರಿಗೆ ಫೋನ್ ಮಾಡಿದರೆ ಬಂದ ಉತ್ತರ: “ಎಲ್ಲರೂ ಹೋಗ್ತಾರೆ ಸಾರ್, ಶೂ ಗಟ್ಟಿ ಇದ್ರೆ ಸಾಕು.”

ನಾನು ಈ ಬರಹಕ್ಕೆ ಕೂತದ್ದೇ ಈ ಮಾತಿನಿಂದಾಗಿ. ವಸಂತದ ಬಿಸಿಲಿಗೆ ಮಧ್ಯಾಹ್ನದ ವೇಳೆಗೆ ನೀರು ಕುಡಿದು ಭಾರವಾದ ಹಿಮ ಕಡಿದಾದ ಇಳಿಜಾರಿನಿಂದ ಒಮ್ಮೆಲೇ ಜಾರಬಹುದು. ಮೇಲ್ಪದರ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಹರಿಯುವ ತೊರೆ ಅದನ್ನು ಟೊಳ್ಳು ಮಾಡಿರುತ್ತದೆ. ಇದಕ್ಕೂ ಶೂ ಗಟ್ಟಿಯಿರುವುದಕ್ಕೂ ಸಂಬಂಧವಿಲ್ಲ. ನಾವು ಅಲ್ಲಿಂದಲೇ ಹಿಂದಿರುಗಿದೆವು. ಐಗರ್ ಶಿಖರದ ಉತ್ತರ ಗೋಡೆಯ ಬುಡದಲ್ಲಿ ಸಾಗುವ ಐಗರ್ ಟ್ರೇಲ್ ಕೂಡ ಪ್ಯಾಕೇಜಿನಲ್ಲಿತ್ತು, ಅದೂ ಮುಚ್ಚಿತ್ತು.

ರಾತ್ರಿ ಕೋಣೆಯಲ್ಲಿ ಕೂತು ವಿಮಾ ಪಾಲಿಸಿ ಓದಿದಾಗ ಇನ್ನೊಂದು ವಿಷಯ ತಿಳಿಯಿತು. ಷೆಂಗೆನ್ ವೀಸಾಕ್ಕೆ (ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕಾದ 30,000 ಯೂರೋ ವೈದ್ಯಕೀಯ ರಕ್ಷಣೆ ಅದರಲ್ಲಿತ್ತಾದರೂ, ಬೆಟ್ಟದಲ್ಲಿ ಹುಡುಕಾಟ ಮತ್ತು ಹೆಲಿಕಾಪ್ಟರ್ ರಕ್ಷಣೆಯ ವೆಚ್ಚವನ್ನು ಸ್ಪಷ್ಟವಾಗಿ ಹೊರಗಿಡಲಾಗಿತ್ತು. ಚಾರಣದ ಹೆಸರಿನಲ್ಲೇ ಮಾರಿದ ಪ್ಯಾಕೇಜಿಗೆ ಇಂಥ ಪಾಲಿಸಿ! ಆ ಭಾಗದಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ ಕರೆಯುವ ಸಂಖ್ಯೆ 1414 ಎಂಬುದನ್ನೂ ಏಜೆನ್ಸಿ ತಿಳಿಸಿರಲಿಲ್ಲ.

ಎತ್ತರದ ಹಾದಿಗಳೇ ಬೇಕೆಂದರೆ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ದಿನಾಂಕ ಕೇಳಿ, ಮತ್ತು ಹೊರಡುವ ಮುನ್ನ ಬೆಟ್ಟದ ಮೇಲಿನ ವೆಬ್‌ಕ್ಯಾಮೆರಾಗಳನ್ನು ನೀವೇ ನೋಡಿ. ಈಗಾಗಲೇ ಮೇ ತಿಂಗಳ ಟಿಕೆಟ್ ಕೊಂಡಿದ್ದರೆ ಲೌಟರ್‌ಬ್ರುನ್ನನ್ ಕಣಿವೆಗೆ ಹೋಗಿ. ಸ್ಟೆಕೆಲ್‌ಬರ್ಗ್‌ವರೆಗಿನ ಸಮತಟ್ಟು ದಾರಿಯಲ್ಲಿ ಹಿಮ ಕರಗಿದ ನೀರಿನಿಂದ ತುಂಬಿದ ಜಲಪಾತಗಳನ್ನು ನೋಡುತ್ತ ನಡೆಯಬಹುದು. ನಮ್ಮ ಪ್ರವಾಸದಲ್ಲಿ ಚಾರಣ ಎನ್ನಬಹುದಾದದ್ದು ಅದೊಂದೇ, ಅದೂ ಪ್ಯಾಕೇಜಿನಲ್ಲಿ ಇರಲಿಲ್ಲ. (ಇಂಟರ್‌ಲಾಕನ್‌ನಿಂದ ಬರುವ ರೈಲು ಸ್ವೈಲ್ಯುಚಿನನ್‌ನಲ್ಲಿ ಎರಡಾಗಿ ಒಡೆದು ಒಂದು ಭಾಗ ಲೌಟರ್‌ಬ್ರುನ್ನನ್‌ನತ್ತ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ನತ್ತ ಹೋಗುವುದರಿಂದ ಬೋಗಿಯ ಮೇಲಿನ ಫಲಕ ನೋಡಿ ಹತ್ತಬೇಕು.)

ಹಣ ಹಿಂದಿರುಗಿಸುವಂತೆ ಕೇಳಿದಾಗ ‘ಪ್ರಕೃತಿ ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಬಂತು. ಹಿಮ ಅವರ ಕೈಯಲ್ಲಿಲ್ಲ ನಿಜ, ಆದರೆ ದಿನಾಂಕ ಮತ್ತು ಚಿತ್ರ ಎರಡನ್ನೂ ಆರಿಸಿದವರು ಅವರೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ ದೂರಲು ಅವಕಾಶವಿದ್ದು, ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಕಾಲಮಿತಿ ಇದೆ. ನಾವು ಕರಪತ್ರ, ವಾಟ್ಸಾಪ್ ಸಂದೇಶಗಳು ಮತ್ತು ಮುಚ್ಚಿದ ದಾರಿಯ ಫಲಕದ ಫೋಟೋಗಳನ್ನು ಲಗತ್ತಿಸಿ ದೂರು ಸಿದ್ಧಪಡಿಸುತ್ತಿದ್ದೇವೆ.