ಕೊಡಗಿನ ಭೂಗೋಳ ಪಾಠಕ್ಕೆ ಯಾವುದು ಕೆಲಸಕ್ಕೆ ಬಂತು: ಟೋಪೋಶೀಟ್, ಗೂಗಲ್ ಅರ್ಥ್, ಭುವನ್, ತೋಟದ ಮಳೆ ಡೈರಿ

ಎಂಟು, ಒಂಬತ್ತನೇ ತರಗತಿಯ ಭೂಗೋಳ ಮತ್ತು ಶಾಲೆಯ ಇಕೋ ಕ್ಲಬ್ ಎರಡೂ ನನ್ನ ಹೆಗಲಿಗೆ ಬಿದ್ದಿವೆ. ಶಾಲೆ ಇರುವುದು ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ದಾರಿಯಲ್ಲಿ. ಪಠ್ಯಪುಸ್ತಕ ಇಡೀ ರಾಜ್ಯಕ್ಕೆ ಒಂದೇ. ಅದು ಕರಾವಳಿ, ಮಲೆನಾಡು, ಮೈದಾನ ಎಂದು ವಿಂಗಡಿಸಿ ಕೊಡಗನ್ನು ಮಲೆನಾಡಿಗೆ ಸೇರಿಸಿ ಮುಂದಕ್ಕೆ ಹೋಗುತ್ತದೆ. ಅದು ತಪ್ಪೇನಲ್ಲ. ಆದರೆ ಕಿಟಕಿಯಾಚೆ ಬೆಟ್ಟ, ಹೊಳೆ, ಕಾಡು, ತೋಟ ಎಲ್ಲ ಇರುವಾಗ ಮಕ್ಕಳು ಆಗುಂಬೆಯ ಮಳೆಯನ್ನು ಬಾಯಿಪಾಠ ಮಾಡುತ್ತಾ ಕೂತಿರುವುದು ನೋಡೋಕಾಗಲ್ಲ, ಅಲ್ವಾ?

ಹಾಗಾಗಿ ದುಡ್ಡು ಕೊಡದೆ ಸಿಗುವ ಸಾಮಗ್ರಿಗಳನ್ನು ಒಂದೊಂದಾಗಿ ತರಗತಿಯಲ್ಲಿ ಬಳಸಿ ನೋಡಿದೆ. ಅಳೆದದ್ದು ಎರಡೇ ಮಾತಿನಲ್ಲಿ. ಮಗುವಿಗೆ ತನ್ನ ಮನೆ, ತನ್ನ ಹೊಳೆ ಅದರಲ್ಲಿ ಸಿಗಬೇಕು. ಜುಲೈನಲ್ಲಿ ಕರೆಂಟು, ರೇಂಜು ಎರಡೂ ಹೋದಾಗಲೂ ಪಾಠ ನಡೆಯಬೇಕು. ನಮ್ಮ ಕಡೆ ಎರಡನೆಯದು ಸಣ್ಣ ಷರತ್ತಲ್ಲ.

ನಕ್ಷೆ: ಕಾಗದವೋ, ಪರದೆಯೋ

ಮೊದಲು ಟೋಪೋಶೀಟ್, ಅಂದರೆ ಬೆಟ್ಟ, ಹೊಳೆ, ಎತ್ತರ ಎಲ್ಲ ತೋರಿಸುವ ವಿವರವಾದ ನಕ್ಷೆ. ಇದನ್ನು ಮಾಡುವುದು 1767ರಲ್ಲಿ ಶುರುವಾದ ಸರ್ವೇ ಆಫ್ ಇಂಡಿಯಾ. 1:50,000 ಅಳತೆಯ, ಸಾರ್ವಜನಿಕರಿಗೆ ಬಿಟ್ಟ ಓಪನ್ ಸೀರೀಸ್ ನಕ್ಷೆಗಳನ್ನು ಅವರ ಆನ್‌ಲೈನ್ ಮ್ಯಾಪ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಹಳೆಯ ಸಂಖ್ಯೆಯಲ್ಲಿ ಕೊಡಗಿನ ಬಹುಪಾಲು '48 ಪಿ' ಒಳಗೆ ಬರುತ್ತದೆ. ಮಡಿಕೇರಿ, ಭಾಗಮಂಡಲ 48 ಪಿ/11ರಲ್ಲಿ, ಕುಶಾಲನಗರ 48 ಪಿ/15ರಲ್ಲಿ, ವಿರಾಜಪೇಟೆ 48 ಪಿ/16ರಲ್ಲಿ. ತಲಕಾವೇರಿ ಮಾತ್ರ 75 ಡಿಗ್ರಿ 30 ಮಿನಿಟು ರೇಖಾಂಶದಿಂದ ಒಂಚೂರು ಪಶ್ಚಿಮಕ್ಕೆ ಇರುವುದರಿಂದ ಪಕ್ಕದ 48 ಪಿ/7ಕ್ಕೆ ಹೋಗಿಬಿಟ್ಟಿದೆ. ಆ ಶೀಟಿನ ಹೆಚ್ಚಿನ ಭಾಗ ಆಚೆ ಬದಿಯ ಕಾಸರಗೋಡು ಜಿಲ್ಲೆ. ಹೊಸ ಸಂಖ್ಯೆಗಳು 'ಡಿ 43' ಎಂದು ಶುರುವಾಗುತ್ತವೆ, ಹುಡುಕುವಾಗ ನೆನಪಿರಲಿ.

ಪ್ರಿಂಟ್ ಹಾಕಿಸುವಾಗ ಒಂದು ಮಾತು. ಈ ಶೀಟಿನಲ್ಲಿ ನಕ್ಷೆಯ ಭಾಗವೇ ಹೆಚ್ಚುಕಡಿಮೆ 54 ಸೆಂ.ಮೀ. ಅಗಲ, 55 ಸೆಂ.ಮೀ. ಎತ್ತರ ಇರುತ್ತದೆ. ಎ3, ಎ2 ಹಾಳೆಯಲ್ಲಿ ಹಿಡಿಸುವುದಿಲ್ಲ. ಅಂಗಡಿಯವರು 'ಫಿಟ್ ಟು ಪೇಜ್' ಒತ್ತಿದರೆ ನಕ್ಷೆ ಕುಗ್ಗುತ್ತದೆ, ಆಮೇಲೆ 2 ಸೆಂ.ಮೀ.ಗೆ 1 ಕಿ.ಮೀ. ಎನ್ನುವ ಲೆಕ್ಕ ಕೆಟ್ಟುಹೋಗುತ್ತದೆ. ಎ1 ಹಾಳೆ, ನೂರಕ್ಕೆ ನೂರು ಅಳತೆ ಎಂದು ಹೇಳಿ ಹಾಕಿಸಿ. ನಾನು ಬಟ್ಟೆ ಮೇಲೆ ಮುದ್ರಿಸಿಕೊಂಡೆ. ಫ್ಲೆಕ್ಸ್ ಅಗ್ಗ, ಮಳೆಗೂ ಜಗ್ಗಲ್ಲ, ಆದರೆ ಪರಿಸರ ಪಾಠಕ್ಕೆ ಫ್ಲೆಕ್ಸ್ ನೇತುಹಾಕೋಕೆ ಮನಸ್ಸು ಬರಲಿಲ್ಲ.

ಈ ಶೀಟಿನ ನಿಜವಾದ ಲಾಭ ಗೊತ್ತಾಗಿದ್ದು 7 ಮತ್ತು 11ನೇ ಶೀಟುಗಳನ್ನು ಪಕ್ಕಪಕ್ಕ ಜೋಡಿಸಿ ನೆಲದ ಮೇಲೆ ಹಾಸಿದಾಗ. ಮೇಲೆ ತೆಳು ಟ್ರೇಸಿಂಗ್ ಹಾಳೆ. ಕಾವೇರಿಗೆ ಸೇರುವ ಹಳ್ಳಗಳಿಗೆ ನೀಲಿ ಬಣ್ಣ, ಪಶ್ಚಿಮಕ್ಕೆ ಇಳಿದು ಚಂದ್ರಗಿರಿ ಹೊಳೆಗೆ ಸೇರುವ ಹಳ್ಳಗಳಿಗೆ ಕೆಂಪು. ಮಕ್ಕಳು ಮಂಡಿಯೂರಿ ಕೂತು ಒಂದೊಂದೇ ಗೆರೆಯ ಮೇಲೆ ಬೆರಳು ಓಡಿಸುತ್ತಾ ಹೋದರು. ಸ್ವಲ್ಪ ಹೊತ್ತಿಗೆ ನೀಲಿಗೂ ಕೆಂಪಿಗೂ ನಡುವೆ ಬಣ್ಣವಿಲ್ಲದ ಒಂದು ಅಂಕುಡೊಂಕು ಪಟ್ಟಿ ತಾನಾಗಿಯೇ ಉಳಿಯಿತು. ಅದೇ ಜಲವಿಭಾಜಕ. ಒಂದು ಕಡೆ ಬಿದ್ದ ಮಳೆ ಸುಮಾರು 800 ಕಿ.ಮೀ. ಹರಿದು ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ಬಿದ್ದದ್ದು ಬೇಗನೆ ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರಕ್ಕೆ. ಹಿಂದಿನ ಸಾಲಿನ ಹುಡುಗಿ ಕೇಳಿದಳು: "ಮಿಸ್, ನಮ್ಮನೆ ದಿಣ್ಣೆ ಮೇಲಿದೆ. ಮಾಡಿನ ಮುಂದಿನ ನೀರು ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ಹೋಗ್ತದಾ?" ಅವಳ ಮನೆ ಎಲ್ಲಿ ಬರುತ್ತದೆ ಎಂದು ಎಲ್ಲರೂ ಸೇರಿ ಹುಡುಕಿದರು. ಅವತ್ತು ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಸಮೋನ್ನತಿ ರೇಖೆಗೂ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗೂ, ಟೋಪೋಶೀಟೇ. 20 ಮೀಟರಿಗೆ ಒಂದು ಕಂದು ಗೆರೆ. ಐದು ಗೆರೆಗೆ ಒಂದರಂತೆ, ಅಂದರೆ 100 ಮೀಟರಿಗೆ ಒಂದು ಹಂತ ಹಿಡಿದು ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಂಟಿಸಿದರೆ ತಡಿಯಂಡಮೋಳ್ ಎದ್ದು ನಿಲ್ಲುತ್ತದೆ. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ರಟ್ಟು 4 ಮಿ.ಮೀ. ದಪ್ಪ ಇದ್ದರೆ ಬೆಟ್ಟ ನಿಜಕ್ಕಿಂತ ಎರಡು ಪಟ್ಟು ಎತ್ತರ ಕಾಣುತ್ತದೆ, ಏಕೆಂದರೆ ಈ ಅಳತೆಯಲ್ಲಿ 100 ಮೀಟರ್ ಎಂದರೆ 2 ಮಿ.ಮೀ. ಮಾತ್ರ. ಅದನ್ನೂ ಮಕ್ಕಳಿಂದಲೇ ಲೆಕ್ಕ ಹಾಕಿಸಿ, ಗಣಿತದ ಮೇಷ್ಟ್ರಿಗೂ ಖುಷಿಯಾಗುತ್ತದೆ.

ಗೂಗಲ್ ಅರ್ಥ್ ಬೇರೆಯೇ ಜಾತಿ. ಪ್ರೊಜೆಕ್ಟರ್ ಹಾಕಿ ಭೂಮಿಯನ್ನು ತಿರುಗಿಸಿ ನೇರ ಶಾಲೆಯ ಹೆಂಚಿನ ಮೇಲೆ ಇಳಿದರೆ ತರಗತಿ ಒಂದೇ ಸಲ ಕೂಗುತ್ತದೆ. ಅದು ಟೋಪೋಶೀಟಿನಿಂದ ಯಾವತ್ತೂ ಆಗಲ್ಲ. ಇದರ ದೊಡ್ಡ ಬಲ ಹಳೆಯ ಚಿತ್ರಗಳು. ಕಾಲದ ಪಟ್ಟಿಯನ್ನು ಹಿಂದಕ್ಕೆ ಎಳೆದು 2018ಕ್ಕೆ ಮುಂಚಿನ ಮಕ್ಕಂದೂರು, ಮುಕ್ಕೋಡ್ಲು ಕಡೆಯ ಬೆಟ್ಟಗಳನ್ನು ನೋಡಿ. ಆಮೇಲೆ ಮುಂದಕ್ಕೆ ಎಳೆಯಿರಿ. ಆ ವರ್ಷದ ಆಗಸ್ಟ್‌ನಲ್ಲಿ ಬೆಟ್ಟ ಜರಿದ ಜಾಗದಲ್ಲಿ ಹಸಿರಿನ ನಡುವೆ ಕೆಂಪು ಮಣ್ಣಿನ ಉದ್ದ ಗೀರುಗಳು. ಅವು ಎಲ್ಲಿ ಶುರುವಾಗಿವೆ, ಇಳಿಜಾರು ಎಷ್ಟು ಕಡಿದು, ಮೇಲೆ ರಸ್ತೆ ಅಥವಾ ಮನೆಗಾಗಿ ಬರೆ (ಮಣ್ಣಿನ ದಿಬ್ಬ) ಕಡಿದಿದ್ದಾರಾ, ಕೆಳಗೆ ಹೊಳೆ ಇದೆಯಾ ಎಂದು ಮಕ್ಕಳೇ ಹೇಳಬಲ್ಲರು. ಪುಸ್ತಕದ ಭೂಕುಸಿತದ ಪಾಠ ಇದರ ಮುಂದೆ ನಿಲ್ಲಲ್ಲ. ಆದರೆ ಇದನ್ನು ತೋರಿಸುವ ಮೊದಲು ತರಗತಿಯಲ್ಲಿ ಯಾರ ಮನೆಯವರು ಆಗ ಮನೆ ಕಳೆದುಕೊಂಡಿದ್ದಾರೆ ಎಂದು ಮೆಲ್ಲಗೆ ತಿಳಿದುಕೊಳ್ಳಿ. ಕೆಲವು ಮಕ್ಕಳಿಗೆ ಅದು ಪಾಠ ಅಲ್ಲ.

ಇದರ ಮಿತಿ ಕೊಡಗಿನಲ್ಲೇ ಜಾಸ್ತಿ ಕಾಣುವಂಥದ್ದು. ಮೇಲಿನಿಂದ ನೋಡಿದರೆ ನೆರಳಿನ ಕಾಫಿ ತೋಟವೂ ಕಾಡೂ ಒಂದೇ ಹಸಿರು. ಕೆಳಗೆ ಕಾಫಿ ಗಿಡ ಇದೆಯೋ, ಬೆತ್ತದ ಪೊದೆ ಇದೆಯೋ ಉಪಗ್ರಹಕ್ಕೆ ಕಾಣದು. ಚಿತ್ರಗಳೂ ಹೆಚ್ಚಾಗಿ ಬೇಸಿಗೆಯವು, ಮಳೆಗಾಲದಲ್ಲಿ ಮೋಡ ಬಿಡಬೇಕಲ್ಲ. ಇನ್ನು ಹೆಸರುಗಳು. ಬೆಟ್ಟದ ಹೆಸರು ಒಂದಿದ್ದರೆ ಹೋಂಸ್ಟೇ ಹೆಸರು ಹತ್ತು. ಲೇಬಲ್ ಆಫ್ ಮಾಡಿಯೇ ಪಾಠ ಶುರು ಮಾಡುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಜೋರು ಮಳೆಯ ದಿನ ಇದು ಇಲ್ಲ ಎಂದೇ ಲೆಕ್ಕ.

ಇಸ್ರೋದ ಆನ್‌ಲೈನ್ ನಕ್ಷೆ ತಾಣ ಭುವನ್ 2009ರಲ್ಲಿ ಬಂತು. ಚಿತ್ರದ ಚೆಲುವಿನಲ್ಲಿ ಗೂಗಲ್ ಅರ್ಥ್‌ಗೆ ಸರಿಸಾಟಿ ಅನ್ನಲಾರೆ, ಆದರೆ ಅದು ಮಾಡದ ಒಂದು ಕೆಲಸ ಇದು ಮಾಡುತ್ತದೆ. ಭೂಬಳಕೆಯ ಪದರ ಹಾಕಿದರೆ ಕಾಡಿಗೊಂದು ಬಣ್ಣ, ತೋಟಕ್ಕೊಂದು ಬಣ್ಣ, ಗದ್ದೆಗೊಂದು ಬಣ್ಣ. 2005-06 ಮತ್ತು 2011-12ರ ಪದರಗಳನ್ನು ಹೋಲಿಸಬಹುದು. ಬಣ್ಣಗಳ ವಿವರ ಇಂಗ್ಲಿಷಿನಲ್ಲಿದೆ, ನಮ್ಮ ಶಾಲೆಯ ನೆಟ್‌ನಲ್ಲಿ ಪದರ ತೆರೆಯುವಷ್ಟರಲ್ಲಿ ಪಿರಿಯಡ್ ಅರ್ಧ ಆಗಿರುತ್ತದೆ. ನಾನು ಮನೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದು ಕಲರ್ ಪ್ರಿಂಟ್ ಹಾಕಿಸಿ ತರುತ್ತೇನೆ. ಒಂಬತ್ತನೇ ತರಗತಿಗೆ ಸಾಕು, ಎಂಟಕ್ಕೆ ಬೇಡ.

ಮೂರರಲ್ಲಿ ಒಂದನ್ನೇ ಇಟ್ಟುಕೋ ಎಂದರೆ ನನ್ನ ಕೈ ಟೋಪೋಶೀಟಿಗೆ ಹೋಗುತ್ತದೆ. ಹೊಸ ಮನೆ, ಹೊಸ ಲೇಔಟ್ ಅದರಲ್ಲಿ ಇರಲ್ಲ, ಊರಿನ ಹೆಸರುಗಳೂ ಇಂಗ್ಲಿಷಿನಲ್ಲಿವೆ. ಇರಲಿ. ಬೆಟ್ಟ, ಹೊಳೆ ಎಲ್ಲೂ ಓಡಿಹೋಗಿಲ್ಲ.

ಮಳೆ: ಸರ್ಕಾರದ ಅಂಕಿಯೋ, ಸಾಹುಕಾರರ ಡೈರಿಯೋ

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ದಿನದ ಮಳೆ ಮಿ.ಮೀ. ಲೆಕ್ಕದಲ್ಲಿ ಸಿಗುತ್ತದೆ. ಬೇರೆ ಬೇರೆ ಊರನ್ನು ಹೋಲಿಸುವುದಕ್ಕೆ ಇದನ್ನು ಬಿಟ್ಟರೆ ಬೇರೆ ಇಲ್ಲ. ಭಾಗಮಂಡಲದ ಜುಲೈ ತಿಂಗಳನ್ನೂ ಕುಶಾಲನಗರದ ಜುಲೈಯನ್ನೂ ಒಂದೇ ಗ್ರಾಫ್ ಹಾಳೆಯಲ್ಲಿ ಬಿಡಿಸಿದರೆ ಮಳೆ ನೆರಳಿನ ಪ್ರದೇಶ ಅಂದರೇನು ಎಂದು ನಾನು ಬಾಯಿ ಬಿಡಬೇಕಾಗಿಲ್ಲ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಎರಡು ಮೂರು ಗಂಟೆ ದಾರಿ, ಮಳೆ ಮಾತ್ರ ಅರ್ಧವೂ ಇಲ್ಲ.

ಆದರೆ ಮಕ್ಕಳನ್ನು ಹಿಡಿದು ಕೂರಿಸಿದ್ದು ಹತ್ತಿರದ ತೋಟದ ಮಳೆ ಡೈರಿ. ಇಲ್ಲಿನ ಬೆಳೆಗಾರರ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುವುದು ಹಳೆಯ ರೂಢಿ, ಅದೂ ಇಂಚು, ಸೆಂಟ್ ಲೆಕ್ಕದಲ್ಲಿ. ಕೇಳಿದಾಗ ಹಿರಿಯರು ಕಪಾಟಿನಿಂದ ಒಂದು ಕಟ್ಟು ತೆಗೆದು ಕೊಟ್ಟರು. "ತಗೊಂಡು ಹೋಗಿ ಮಿಸ್, ಆದ್ರೆ ಬ್ಲಾಸಮ್ ಮಳೆಗೆ ಮೊದಲು ವಾಪಸ್ ಬರಬೇಕು" ಎಂದರು. ಪುಟ ತೆರೆದರೆ ಶಾಯಿಯಲ್ಲಿ '2-40', ಅಂದರೆ ಎರಡು ಇಂಚು ನಲವತ್ತು ಸೆಂಟ್, ಪಕ್ಕದಲ್ಲಿ ಸಣ್ಣದಾಗಿ 'ಕರೆಂಟ್ ಇಲ್ಲ', 'ಸೇತುವೆ ಮೇಲೆ ನೀರು'. ಮಾರ್ಚ್ ತಿಂಗಳ ಒಂದು ಅಂಕಿಗೆ ಎರಡು ಗೆರೆ ಎಳೆದಿದ್ದರು. ಯಾಕೆ ಎಂದು ಲೈನ್ ಮನೆಯ (ತೋಟದ ಕಾರ್ಮಿಕರ ಮನೆಸಾಲಿನ) ಹುಡುಗನೇ ಹೇಳಿದ: ಅದು ಹೂವಿನ ಮಳೆ. ಅದು ಬಂದು ಸುಮಾರು ಒಂದು ವಾರಕ್ಕೆ ಕಾಫಿ ಅರಳುತ್ತದೆ, ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಅದರ ಬೆನ್ನಿಗೆ ಇನ್ನೊಂದು ಮಳೆ ಬರದಿದ್ದರೆ ಕಾಯಿ ನಿಲ್ಲಲ್ಲ. ಯಾವ ವೆಬ್‌ಸೈಟಿನಲ್ಲೂ ಇಂಥ ಎರಡು ಗೆರೆ ಇರುವುದಿಲ್ಲ.

ಅಳತೆ ಬದಲಿಸುವುದೂ ಒಳ್ಳೆ ಕೆಲಸ. 100 ಸೆಂಟ್ ಸೇರಿ ಒಂದು ಇಂಚು, ಒಂದು ಇಂಚು ಎಂದರೆ 25.4 ಮಿ.ಮೀ. ಹವಾಮಾನ ಇಲಾಖೆ ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ ಎನ್ನುತ್ತದೆ. ಕೊನೆಯದನ್ನು ಡೈರಿ ಲೆಕ್ಕಕ್ಕೆ ತಂದರೆ 8 ಇಂಚು 5 ಸೆಂಟ್. ಅಂಥ ದಿನಗಳು ಡೈರಿಯಲ್ಲಿ ಎಲ್ಲೆಲ್ಲಿವೆ ಎಂದು ಹುಡುಕಲು ಬಿಟ್ಟೆ. ರೆಡ್ ಅಲರ್ಟ್ ಅಂದರೆ ರಜೆ ಎಂದಷ್ಟೇ ಗೊತ್ತಿದ್ದ ಮಕ್ಕಳಿಗೆ ಅದರ ಹಿಂದಿನ ಅಂಕಿ ಸಿಕ್ಕಿತು. ಸರ್ಕಾರಿ ಅಂಕಿಗೂ ಡೈರಿಗೂ ಒಂದೊಂದು ದಿನ ತಾಳೆಯಾಗಲ್ಲ. ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಬಂದು ನೋಡುವ ಹೊತ್ತು ಬೇರೆ. ಅಲ್ಲದೆ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ.

ಮೂರನೆಯದು ಬಾಟಲಿ ಮಳೆಮಾಪಕ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಕೂರಿಸಿ, ತಳದ ಉಬ್ಬುತಗ್ಗಿಗೆ ಕಲ್ಲು ಹಾಕಿ ಸೊನ್ನೆ ಗೆರೆವರೆಗೆ ನೀರು ತುಂಬಿ, ಹೊರಗೆ ಸ್ಕೇಲ್ ಅಂಟಿಸಿದರೆ ಆಯಿತು. ಜೂನ್ ಮೊದಲ ವಾರಕ್ಕೆ ಚೆಂದ. ಮಳೆ ಹಿಡಿದ ಮೇಲೆ ದಿನಕ್ಕೆರಡು ಸಲ ನೋಡದಿದ್ದರೆ ತುಂಬಿ ಚೆಲ್ಲುತ್ತದೆ. ಅಳತೆ ಎಂದರೇನು ಎಂದು ಕಲಿಯಲು ಇದು, ಊರಿನ ಮಳೆ ತಿಳಿಯಲು ಡೈರಿ.

ವಿಡಿಯೋ, ವಿಕಿ

ಇದು ಬೇಗ ಮುಗಿಯುವ ಮಾತು. 2017ರಲ್ಲಿ ಶುರುವಾದ ಸರ್ಕಾರಿ ಕಲಿಕಾ ತಾಣ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಆಯಾ ಪಾಠದ ಸಾಮಗ್ರಿ ಬರುತ್ತದೆ. ಜ್ವಾಲಾಮುಖಿ, ಹಿಮನದಿಯಂಥ ನಾವು ಕಾಣದ ವಿಷಯಗಳಿಗೆ ಇದೇ ಸರಿ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿಯಲ್ಲಿ ಕನ್ನಡದಲ್ಲೇ ಪರಿಕಲ್ಪನಾ ನಕ್ಷೆ, ಚಟುವಟಿಕೆಗಳಿವೆ. ಅದು ಮಕ್ಕಳಿಗಿಂತ ನನಗೆ ಉಪಯೋಗವಾಯಿತು. ಪಾಠ ಯೋಜನೆ ಬರೆಯುವ ಹಿಂದಿನ ರಾತ್ರಿ ಅಲ್ಲಿ ಒಂದು ಸುತ್ತು ಹೊಡೆಯುತ್ತೇನೆ. ಊರಿನ ವಿಷಯ ಎರಡರಲ್ಲೂ ಹುಡುಕಬೇಡಿ.

ಮರ: ಸೀಸನ್‌ವಾಚ್, ವನದರ್ಶನ, ದೇವರಕಾಡು

ಮರಗಳ ಋತುಮಾನ ಗಮನಿಸುವ ಸೀಸನ್‌ವಾಚ್ ಯೋಜನೆಯಲ್ಲಿ ಮಗು ಒಂದು ಮರವನ್ನು ತನ್ನದಾಗಿ ಮಾಡಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ಗುರುತು ಹಾಕಬೇಕು. ಹಲಸು, ಮಾವು ಪಟ್ಟಿಯಲ್ಲಿವೆ, ಶಾಲೆ ಅಂಗಳದಲ್ಲೂ ಇವೆ. ಎರಡು ನಿಮಿಷದ ಕೆಲಸ. ತೊಂದರೆ ಅಂದರೆ ಮಳೆಯ ರಜೆ. ರಜೆಯಲ್ಲಿ ಸರಣಿ ತುಂಡಾಗುತ್ತದೆ, ಹಾಗಾಗಿ ಮನೆ ಹತ್ತಿರದ ಮರ ಆರಿಸಿಕೊಳ್ಳಲು ಹೇಳಿ. ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಸಿಕ್ಕರೆ ಬಿಡಬೇಡಿ, ಆದರೆ ಅದು ನಮ್ಮ ಕೈಯಲ್ಲಿಲ್ಲ, ಸರದಿ ಬರಬೇಕು.

ದೇವರ ಹೆಸರಿನಲ್ಲಿ ಊರವರು ಉಳಿಸಿಕೊಂಡ ದೇವರಕಾಡಿಗೆ ಸರದಿ ಬೇಡ. ಕೊಡಗಿನಲ್ಲಿ ಇವು ಸಾವಿರಕ್ಕೂ ಹೆಚ್ಚಿವೆ, ನಡೆದು ಹೋಗುವ ದೂರದಲ್ಲಿ ಒಂದಾದರೂ ಸಿಗುತ್ತದೆ. ಒಂದೆರಡು ಎಕರೆಯವು ಭುವನ್ ಬಣ್ಣದಲ್ಲೂ ಇಲ್ಲ, ಟೋಪೋಶೀಟಿನಲ್ಲೂ ಇಲ್ಲ. ಗೂಗಲ್ ಅರ್ಥ್‌ನಲ್ಲಿ ತೋಟದ ಹಸಿರಿಗೆ ಸೇರಿಹೋಗಿರುತ್ತವೆ. ಹತ್ತು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ ಒಳಗೆ ಎಷ್ಟು ಬಗೆಯ ಮರ ಎಂದು ಎಣಿಸಿಸಿದೆ. ಆಮೇಲೆ ಬೇಲಿಯಾಚೆಯ ತೋಟದಲ್ಲಿ ಅಷ್ಟೇ ಚೌಕ. ತೋಟದಲ್ಲಿ ಸಿಲ್ವರ್ ಓಕ್, ಸಿಲ್ವರ್ ಓಕ್, ಒಂದು ಹಲಸು, ಮತ್ತೆ ಸಿಲ್ವರ್ ಓಕ್. ದೇವರಕಾಡಿನ ಪಟ್ಟಿ ಪುಟ ದಾಟಿತು, ಅರ್ಧ ಮರಗಳ ಹೆಸರು ನನಗೂ ಗೊತ್ತಿರಲಿಲ್ಲ, ಮಕ್ಕಳ ಅಜ್ಜಂದಿರಿಗೆ ಗೊತ್ತಿತ್ತು. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ ಎಂದಾಗ ಒಬ್ಬ ನಂಬಲೇ ಇಲ್ಲ, "ನಮ್ಮ ತೋಟದಲ್ಲಿ ತಾತ ನೆಟ್ಟದ್ದು ಮಿಸ್" ಎಂದ.

ಹೊರಡುವ ಮುಂಚೆ ಊರಿನ ದೇವರ ಕೆಲಸ ನೋಡಿಕೊಳ್ಳುವ 'ತಕ್ಕ' ಮುಖ್ಯಸ್ಥರಿಗೆ ಒಂದು ಮಾತು ಹೇಳಿ. ಕೆಲವು ಕಡೆ ಚಪ್ಪಲಿ ಹೊರಗೆ ಬಿಡಬೇಕು, ಕೆಲವು ಕಡೆ ಒಳಗೆ ಹೋಗುವಂತೆಯೇ ಇಲ್ಲ. ಎಲೆ ಕೀಳುವುದು ಬೇಡ, ಬಿದ್ದದ್ದನ್ನು ನೋಡಿ ಬರೆದುಕೊಂಡರೆ ಸಾಕು. ಮಳೆಗಾಲದಲ್ಲಿ ಜಿಗಣೆ ಕಾಟ ಎಂದು ಹೇಳಬೇಕಾಗಿಲ್ಲ. ನಾನು ಇದನ್ನು ನವೆಂಬರ್‌ಗೆ ಇಟ್ಟುಕೊಳ್ಳುತ್ತೇನೆ: ಆಗ ಮಳೆ ನಿಂತಿರುತ್ತದೆ, ಕಾಫಿ ಕೊಯ್ಲು ಇನ್ನೂ ಜೋರಾಗಿರುವುದಿಲ್ಲ, ಲೈನ್ ಮನೆಯ ಮಕ್ಕಳೂ ಶಾಲೆಗೆ ಬರುತ್ತಾರೆ.