‘ಬ್ಯಾಟ್‌ಮನ್: ಇಯರ್ ಒನ್’: ವೀರನೊಬ್ಬ ಮೊದಲ ವರ್ಷ ಮಾಡಿದ ತಪ್ಪುಗಳು

ಅಮೆರಿಕದ ಕಾಮಿಕ್ಸ್ ಪುಸ್ತಕ ‘ಬ್ಯಾಟ್‌ಮನ್: ಇಯರ್ ಒನ್’ನಲ್ಲಿ, ಮುಂದೆ ಬ್ಯಾಟ್‌ಮನ್ ಆಗುವ ಬ್ರೂಸ್ ವೇನ್ ಮೊದಲ ಸಲ ಬೀದಿಗಿಳಿಯುವುದು ಮಾರ್ಚ್ 11ರ ರಾತ್ರಿ. 12 ವರ್ಷ ಹೊರಗಿದ್ದು, ಮೈ ಪಳಗಿಸಿಕೊಂಡು, 25ರ ಪ್ರಾಯದಲ್ಲಿ ತನ್ನೂರು ಗಾಥಮ್‌ಗೆ ವಾಪಸು ಬಂದವನು. ಮುಖಕ್ಕೆ ಸುಳ್ಳು ಗಾಯದ ಗೆರೆ ಬಳಿದುಕೊಂಡು ಸೂಳೆಗೇರಿಗೆ ಹೋಗುತ್ತಾನೆ, ಒಬ್ಬ ತಲೆಹಿಡುಕನ ಜೊತೆ ಜಗಳಕ್ಕೆ ಬೀಳುತ್ತಾನೆ. ಯಾವ ಹುಡುಗಿಯ ಪರವಾಗಿ ಕೈ ಎತ್ತಿದನೋ ಆ ಹುಡುಗಿಯೇ ಅವನ ತೊಡೆಗೆ ಚಾಕು ಹಾಕುತ್ತಾಳೆ. ಪೊಲೀಸರ ಗುಂಡು ಭುಜಕ್ಕೆ ಬೀಳುತ್ತದೆ. ಕೈಗೆ ಕೋಳ, ಕೂತದ್ದು ಪೊಲೀಸ್ ಕಾರಿನ ಹಿಂದಿನ ಸೀಟು. ಹೇಗೋ ತಪ್ಪಿಸಿಕೊಂಡು ಮನೆ ಸೇರಿ, ರಕ್ತ ಸುರಿಸುತ್ತ ಕತ್ತಲಲ್ಲಿ ಅಪ್ಪನ ಮೂರ್ತಿಯ ಎದುರು ಕೂರುತ್ತಾನೆ. ಕಿಟಕಿ ಗಾಜು ಒಡೆದುಕೊಂಡು ಬಾವಲಿ ಒಳಗೆ ಬರುವುದು ಆಗ.

ಬಳ್ಳಾರಿ, ಕೊಪ್ಪಳ ಕಡೆಯ ಕಾಮಿಕ್ಸ್ ಓದುಗರ ನಡುವೆ ಈ ಪುಸ್ತಕದ ಮಾತು ಬಂದಾಗ ಚರ್ಚೆ ಶುರುವಾಗುವುದೇ ಈ ಪುಟಗಳಿಂದ. ಹೊಡೆಯುವ ವಿದ್ಯೆ ಕೈಯಲ್ಲಿದೆ, ದುಡ್ಡಿದೆ, ಹಟವಿದೆ. ಇಲ್ಲದ್ದು ಒಂದೇ, ಎದುರಿಗಿರುವವನು ತನ್ನನ್ನು ಕಂಡು ಹೆದರಲು ಒಂದು ಕಾರಣ. ಆನೆಗೊಂದಿ, ಅಂಜನಾದ್ರಿಯ ಕಡೆ ಬೆಳೆದವರು ಇದನ್ನು ಓದಿದ ಕೂಡಲೇ ಹನುಮನ ಹೆಸರು ತೆಗೆಯುತ್ತಾರೆ. ಶಾಪದಿಂದ ಸ್ವಂತ ಬಲವನ್ನೇ ಮರೆತವನಿಗೆ ಕಡಲ ದಂಡೆಯಲ್ಲಿ ಜಾಂಬವಂತ ನೆನಪು ಮಾಡಿಕೊಡಬೇಕಾಯಿತು. ಹೋಲಿಕೆ ಸರಿಯಾಗಿದೆ, ಆದರೆ ಅರ್ಧ ದಾರಿಯವರೆಗೆ ಮಾತ್ರ. ನೆನಪಾದ ಮೇಲೆ ಹನುಮ ತಪ್ಪು ಹೆಜ್ಜೆ ಇಡುವುದಿಲ್ಲ. ಬ್ರೂಸ್ ಬಾವಲಿಯ ವೇಷ ತೊಟ್ಟ ಮೇಲೂ ತಪ್ಪುತ್ತಲೇ ಹೋಗುತ್ತಾನೆ. ಪುಸ್ತಕದ ಹೆಚ್ಚುಗಾರಿಕೆ ಇರುವುದು ಅಲ್ಲೇ.

ಇದು ಮೊದಲು ಬಂದದ್ದು 1987ರಲ್ಲಿ, ‘ಬ್ಯಾಟ್‌ಮನ್’ ಮಾಸಿಕದ 404ರಿಂದ 407ರವರೆಗಿನ ನಾಲ್ಕು ಸಂಚಿಕೆಗಳಲ್ಲಿ. ಬರೆದವರು ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಾಜುಕೆಲ್ಲಿ, ಬಣ್ಣ ಅವರ ಮಡದಿ ರಿಚ್ಮಂಡ್ ಲೂಯಿಸ್, ಮಾತುಗಳ ಅಕ್ಷರ ಬರೆದವರು ಟಾಡ್ ಕ್ಲೈನ್. ಬ್ಯಾಟ್‌ಮನ್ ಹುಟ್ಟಿದ್ದು 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ. ಅವನ ಹಿನ್ನೆಲೆ ಹೇಳಿದ್ದು ಅದೇ ವರ್ಷ ನವೆಂಬರಿನ 33ನೇ ಸಂಚಿಕೆಯಲ್ಲಿ, ಅದೂ ಎರಡೇ ಪುಟಗಳಲ್ಲಿ. ಅಪ್ಪ ಅಮ್ಮನ ಕೊಲೆ, ಮಗನ ಶಪಥ, ಕಿಟಕಿಯಲ್ಲಿ ಬಾವಲಿ, ಮುಗಿಯಿತು. ಮಿಲ್ಲರ್ ಆ ಎರಡು ಪುಟಗಳಲ್ಲಿ ಒಂದನ್ನೂ ಅಳಿಸಿ ಹಾಕಿಲ್ಲ. ಮೊದಲ ಅಧ್ಯಾಯದ ಹೆಸರು ಕೂಡ ಆ ಹಳೆಯ ಶೀರ್ಷಿಕೆಯನ್ನೇ ನೆನಪಿಸುತ್ತದೆ. ‘ಅವನು ಯಾರು, ಹೇಗಾದ’ ಎಂದಿದ್ದದ್ದು ಇಲ್ಲಿ ‘ನಾನು ಯಾರು, ಹೇಗಾಗುತ್ತೇನೆ’ ಎಂದು ಬದಲಾಗಿದೆ. ಬೇರೆಯವರು ಹೇಳುತ್ತಿದ್ದ ಕಥೆಯನ್ನು ಈಗ ಅವನೇ ಹೇಳುತ್ತಾನೆ.

ಕಥೆ ಹೇಳುವವನು ಅವನೊಬ್ಬನೇ ಅಲ್ಲ ಎಂಬುದು ಮೊದಲ ಸಲ ಓದುವವರಿಗೆ ಆಶ್ಚರ್ಯ. ಜನವರಿ 4ರಂದು ಇಬ್ಬರು ಗಾಥಮ್‌ಗೆ ಬಂದಿಳಿಯುತ್ತಾರೆ. ವಿಮಾನದಲ್ಲಿ ಬ್ರೂಸ್, ರೈಲಿನಲ್ಲಿ ಪೊಲೀಸ್ ಲೆಫ್ಟಿನೆಂಟ್ ಜೇಮ್ಸ್ ಗಾರ್ಡನ್. ಒಬ್ಬನಿಗೆ ಊರು ಮೇಲಿನಿಂದ ಕಾಣುತ್ತದೆ, ಇನ್ನೊಬ್ಬನಿಗೆ ಕೆಳಗಿನಿಂದ. ಅಲ್ಲಿಂದಾಚೆ ಕಥೆ ಒಂದು ಚಿತ್ರದ ಚೌಕ ಇವನದು, ಒಂದು ಚೌಕ ಅವನದು ಎಂದು ನಡೆಯುತ್ತದೆ. ಯಾರ ಮನಸ್ಸಿನ ಮಾತು ಎಂದು ಗುರುತಿಸುವುದು ಅಕ್ಷರದಿಂದ. ಬ್ರೂಸನದು ಕೂಡಿಸಿ ಬರೆದ ಇಂಗ್ಲಿಷ್ ಓರೆ ಬರಹ, ಗಾರ್ಡನ್‌ನದು ಬಿಡಿ ಅಕ್ಷರ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರಿಗೆ ಈ ಕೂಡಕ್ಷರ ಮೊದಲ ಹತ್ತು ಪುಟ ತೊಡಕು ಎನಿಸುತ್ತದೆ. ಅಂಥವರು ಮೊದಲ ಓದಿನಲ್ಲಿ ಗಾರ್ಡನ್‌ನ ಭಾಗವನ್ನು ಹಿಡಿದು ಸಾಗಲಿ, ಬ್ರೂಸನ ಪುಟಗಳಲ್ಲಿ ಚಿತ್ರವನ್ನಷ್ಟೇ ನೋಡಲಿ. ಕಥೆ ಎಲ್ಲೂ ಕೈತಪ್ಪುವುದಿಲ್ಲ. ಎರಡನೇ ಓದಿಗೆ ಅಕ್ಷರ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಟ್ಟು ಕಥೆ ನೂರು ಪುಟದೊಳಗೆ, ಹೀಗೆ ಎರಡು ಸಲ ಓದಿದರೂ ಒಂದು ಮಧ್ಯಾಹ್ನ ಸಾಕು. ಚೌಕದ ಮೂಲೆಯಲ್ಲಿ ಬರುವ ತಾರೀಖುಗಳನ್ನು ಮಾತ್ರ ಬಿಡಬಾರದು. ಎರಡು ಚೌಕಗಳ ನಡುವೆ ವಾರಗಳೇ ದಾಟಿಹೋಗಿರುತ್ತವೆ. ತಾರೀಖು ನೋಡದೆ ಓದಿದವರೇ ‘ಗಾಯ ಇಷ್ಟು ಬೇಗ ಹೇಗೆ ವಾಸಿಯಾಯಿತು’ ಎಂದು ಕೇಳುವುದು.

ಈಗ ಆ ತಪ್ಪುಗಳ ವಿಷಯ. ವೇಷ ತೊಟ್ಟು ಮೊದಲ ಬಾರಿ ಹೊರಟಾಗ ಕಟ್ಟಡದ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಟೀವಿ ಕದಿಯುತ್ತಿದ್ದ ಮೂವರು ಹುಡುಗರ ಮೇಲೆ ಎರಗುತ್ತಾನೆ. ಹೆದರಿಸುವ ಲೆಕ್ಕ ಸರಿಹೋಯಿತು, ಜಾಗದ ಲೆಕ್ಕ ತಪ್ಪಿತು. ಹೆದರಿದವನು ಹಿಂದೆ ಮುಂದೆ ನೋಡುವುದಿಲ್ಲ. ಒಬ್ಬ ಹುಡುಗ ಕಟಕಟೆ ದಾಟಿ ಕೆಳಗೆ ಜಾರುತ್ತಾನೆ. ಅವನ ಕಾಲು ಹಿಡಿಯಲು ಬ್ರೂಸನ ಒಂದು ಕೈ ಹೋಯಿತು, ಉಳಿದಿಬ್ಬರು ಅವನನ್ನು ಬಡಿಯುತ್ತಾರೆ. ಕೊಲ್ಲಲಾರೆ ಎಂದು ಪಣ ತೊಟ್ಟವನಿಗೆ ಎತ್ತರದ ಜಾಗದಲ್ಲಿ ಭಯ ಎಂಬ ಆಯುಧ ತಿರುಗುಬಾಣವಾಗುತ್ತದೆ. ಹಳೆಯ ಬ್ಯಾಟ್‌ಮನ್ ಕಥೆಗಳು ಇಂಥ ಸಣ್ಣ ಸಂಗತಿಯನ್ನು ಇಷ್ಟು ನಿಗಾ ಇಟ್ಟು ಬಿಡಿಸಿದ್ದು ಕಡಿಮೆ.

ಮೂರನೇ ಅಧ್ಯಾಯದ ಪಾಳುಕಟ್ಟಡದ ಪ್ರಸಂಗ ಇನ್ನೂ ಗಟ್ಟಿ. ಮುದುಕಿಯೊಬ್ಬಳನ್ನು ಲಾರಿಯಡಿಯಿಂದ ತಪ್ಪಿಸಲು ಹೋಗಿ ಪೊಲೀಸರ ಕಣ್ಣಿಗೆ ಬೀಳುತ್ತಾನೆ, ಖಾಲಿ ಕಟ್ಟಡ ಹೊಕ್ಕುತ್ತಾನೆ. ಹೆಲಿಕಾಪ್ಟರಿನಿಂದ ಬಾಂಬು ಬೀಳುತ್ತದೆ. ಸೊಂಟದ ಬೆಲ್ಟಿನಲ್ಲಿ ಬೆಂಕಿ ಹತ್ತುವ ಸಾಮಾನನ್ನೇ ಕಟ್ಟಿಕೊಂಡಿರುವುದರಿಂದ ಬೆಲ್ಟ್ ಉರಿಯತೊಡಗುತ್ತದೆ, ಕಿತ್ತು ಎಸೆಯಲೇಬೇಕು. ಎಲ್ಲ ಉಪಕರಣ ಒಂದೇ ಪಟ್ಟಿಯಲ್ಲಿಟ್ಟರೆ ಪಟ್ಟಿ ಹೋದಾಗ ಎಲ್ಲವೂ ಹೋಗುತ್ತದೆ. ಉಳಿದದ್ದು ಬೆಲ್ಟಿನ ಹೊರಗಿದ್ದ ಒಂದೆರಡು ವಸ್ತು. ಅದರಲ್ಲೊಂದು ಬೂಟಿನ ಹಿಮ್ಮಡಿಯ ಯಂತ್ರ, ಮನುಷ್ಯರಿಗೆ ಕೇಳದ ಸದ್ದು ಹೊರಡಿಸಿ ಬಾವಲಿಗಳ ಹಿಂಡನ್ನು ಕರೆಯುತ್ತದೆ. ಹಿಂಡು ಬಂದು ಮುಟ್ಟುವವರೆಗೆ ಅವನು ಬದುಕಿರಬೇಕು, ಓದುಗನ ಉಸಿರು ಹಿಡಿಯುವುದು ಆ ಕಾಯುವಿಕೆಯೇ. ಮುಂದೆ ಬಂದ ಎಷ್ಟೋ ಸಿನಿಮಾಗಳು ವಸ್ತುಗಳನ್ನು ತೆಗೆದುಕೊಂಡವು, ಈ ಕಾಯುವಿಕೆಯನ್ನು ತೆಗೆದುಕೊಳ್ಳಲಿಲ್ಲ.

ಗಾರ್ಡನ್‌ನ ಭಾಗ ಓದಿ ನಮ್ಮೂರವರು ಸುಮ್ಮನಾಗುತ್ತಾರೆ. ಕಮಿಷನರ್ ಲೋಬ್, ಲಂಚಕೋರ ಡಿಟೆಕ್ಟಿವ್ ಫ್ಲಾಸ್, ಅಪರಾಧ ಜಗತ್ತಿನ ದೊರೆ ಫಾಲ್ಕೋನಿ, ಎಲ್ಲರದೂ ಒಂದೇ ಪಂಕ್ತಿ. ಲಂಚ ಮುಟ್ಟಲಿಲ್ಲ ಎಂಬ ಒಂದೇ ಕಾರಣಕ್ಕೆ ಗಾರ್ಡನ್‌ನನ್ನು ಸಹೋದ್ಯೋಗಿಗಳೇ ಮುಸುಕು ಹಾಕಿಕೊಂಡು ಬಂದು ಬಡಿಯುತ್ತಾರೆ. ಊರಿನ ದೊಡ್ಡವರು ಊಟಕ್ಕೆ ಕೂತಲ್ಲಿ ದೀಪ ಆರಿ, ಹೊಗೆ ಎದ್ದು, ಬ್ಯಾಟ್‌ಮನ್ ನಿಲ್ಲುವ ಪುಟವನ್ನು ಬಳ್ಳಾರಿಯ ಓದುಗರು ಬೇರೆ ಕಣ್ಣಿನಿಂದ ನೋಡುತ್ತಾರೆ. ಅಕ್ರಮ ಗಣಿಗಾರಿಕೆಯ ಬಗ್ಗೆ 2011ರ ಲೋಕಾಯುಕ್ತ ವರದಿ ಬಂದ ಜಿಲ್ಲೆ ಇದು. ಗುಡ್ಡ ಕರಗಿದ್ದನ್ನು, ಕೆಂಪು ಧೂಳು ಮನೆಯೊಳಗೆ ಕೂತದ್ದನ್ನು ಕಂಡವರಿಗೆ ಆ ಊಟದ ಮೇಜು ಅಮೆರಿಕದ್ದು ಅನ್ನಿಸುವುದಿಲ್ಲ.

ಚಿತ್ರಗಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಯಾವ ಮುದ್ರಣ ಕೊಳ್ಳಬೇಕು ಎಂಬುದು ಇದರ ಮೇಲೆ ನಿಂತಿದೆ. ಮಾಜುಕೆಲ್ಲಿ ಗೆರೆ ಎಣಿಸಿ ಹಾಕುತ್ತಾರೆ. ಉಬ್ಬಿದ ಸ್ನಾಯು ಇಲ್ಲ, ಮೇಲುಹೊದಿಕೆ ಬಟ್ಟೆಯ ಹಾಗೆಯೇ ಜೋತು ಬೀಳುತ್ತದೆ, ಮುಖದ ಅರ್ಧ ಕಪ್ಪಿನಲ್ಲಿ ಮುಳುಗಿರುತ್ತದೆ. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ, ಬಳ್ಳಾರಿಯ ಬೆಳಗಲ್ಲು ವೀರಣ್ಣ ಇವರ ತೊಗಲುಗೊಂಬೆ ಆಟ ನೋಡಿದವರಿಗೆ ಇದರ ಗುಟ್ಟು ಬೇಗ ಹಿಡಿಯುತ್ತದೆ. ಪರದೆ ಮೇಲೆ ಪಾತ್ರ ಮೊದಲು ಗೊತ್ತಾಗುವುದು ಅಂಚಿನಿಂದ: ಬಾಲ ಕಂಡರೆ ಹನುಮ, ಹತ್ತು ತಲೆ ಕಂಡರೆ ರಾವಣ. ಇಲ್ಲೂ ಎರಡು ಕಿವಿಯ ಮೊನೆ, ಹೊದಿಕೆಯ ಅಂಚು, ಅಷ್ಟೇ. ಬಣ್ಣ ಆಮೇಲೆ ಬರುತ್ತದೆ, ಅದೂ ಹಿಂದಿನಿಂದ ದೀಪ ಹಿಡಿದಷ್ಟು ಮಂದವಾಗಿ.

1987ರ ಸಂಚಿಕೆಗಳು ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ ಬಂದವು, ಆ ಕಾಗದ ಕುಡಿಯುವಷ್ಟೇ ಬಣ್ಣ ಅದರಲ್ಲಿತ್ತು. ಪುಸ್ತಕವಾಗಿ ಬರುವಾಗ ರಿಚ್ಮಂಡ್ ಲೂಯಿಸ್ ಪೂರ್ತಿ ಹೊಸದಾಗಿ ಬಣ್ಣ ಹಚ್ಚಿದರು. ಕಂದು, ಬೂದಿ, ಮಾಸಿದ ಹಳದಿ, ರಾತ್ರಿಯ ನೀಲಿ. ಹೆಚ್ಚಿನ ಓದುಗರಿಗೆ ಮೆಚ್ಚುಗೆಯಾದದ್ದು ಇದು, ನಮ್ಮ ಶಿಫಾರಸೂ ಇದೇ. 2012ರ ಡೀಲಕ್ಸ್ ಗಟ್ಟಿರಟ್ಟಿನ ಪ್ರತಿಯಲ್ಲಿ ಬಣ್ಣವನ್ನು ಕಂಪ್ಯೂಟರಿನಲ್ಲಿ ಮತ್ತೆ ಹಾಕಿ, ಹೊಳೆಯುವ ಕಾಗದದ ಮೇಲೆ ಅಚ್ಚು ಹಾಕಿದರು. ಅದನ್ನು ಕಂಡು ಮಾಜುಕೆಲ್ಲಿಯವರೇ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಎಣ್ಣೆ ದೀಪದ ಮುಂದೆ ಆಡಿಸುವ ಗೊಂಬೆಯನ್ನು ಎಲ್‌ಇಡಿ ಬಲ್ಬಿನ ಮುಂದೆ ಹಿಡಿದರೆ ಗೊಂಬೆ ಅದೇ, ಆಟ ಅದಲ್ಲ. ದಪ್ಪ ರಟ್ಟು, ಹೆಚ್ಚಿನ ಬೆಲೆ ನೋಡಿ ಅದೇ ಉತ್ತಮ ಎಂದುಕೊಂಡು ಕೊಂಡವರು ಮೋಸ ಹೋಗಿದ್ದಾರೆ. ಸಾಧಾರಣ ಕಾಗದದ, ಹೊಳಪಿಲ್ಲದ ಪೇಪರ್‌ಬ್ಯಾಕ್ ಸಿಕ್ಕರೆ ಅದನ್ನೇ ಹಿಡಿಯಿರಿ. ಹೊಳಪು ಕಾಗದಕ್ಕೆ ಇನ್ನೊಂದು ತೊಂದರೆ, ಟ್ಯೂಬ್‌ಲೈಟಿನ ಕೆಳಗೆ ಓದಿದರೆ ಕಪ್ಪು ಭಾಗದ ಮೇಲೆಲ್ಲ ಬೆಳಕಿನ ಪಟ್ಟಿ ಕೂರುತ್ತದೆ. ಈ ಪುಸ್ತಕದಲ್ಲಿ ಕಪ್ಪು ಭಾಗವೇ ಹೆಚ್ಚು.

ಕುಂದುಗಳಿಲ್ಲವೆಂದಲ್ಲ. ಸೆಲೀನಾ ಕೈಲ್‌ಳ ಭಾಗ ತೆಳು. ಅವಳನ್ನು ಮೈಮಾರುವ ಹೆಂಗಸಾಗಿ ತಂದು, ಬೆಕ್ಕಿನ ವೇಷ ಹಾಕಿಸಿ, ಅವಳ ಮನಸ್ಸಿನಲ್ಲಿ ಏನಿದೆ ಎಂದು ಹೇಳದೆ ಬಿಟ್ಟುಬಿಡುತ್ತಾರೆ. ಓದುಗಿಯರ ತಕರಾರು ಇದೇ, ಅದು ನ್ಯಾಯವಾದದ್ದು. ಗಾರ್ಡನ್‌ನ ಬಸುರಿ ಹೆಂಡತಿ ಬಾರ್ಬರಾಗೂ ಮಾತು ಕಡಿಮೆ, ನೋವು ಮಾತ್ರ ಹೆಚ್ಚು. ಅವನು ಸಹೋದ್ಯೋಗಿ ಸಾರಾ ಎಸೆನ್‌ಳ ಜೊತೆ ದಾರಿ ತಪ್ಪುವುದನ್ನು ಅವನ ಕಡೆಯಿಂದಷ್ಟೇ ನೋಡುತ್ತೇವೆ. ಬ್ಯಾಟ್‌ಮನ್ ಕಡಿಮೆ, ಪೊಲೀಸ್ ಹೆಚ್ಚು ಎಂಬ ದೂರು ಇನ್ನೊಂದು. ಇದನ್ನು ಒಪ್ಪಲಾಗದು. ಊರಿನ ಕೊಳಕನ್ನು ದಿನಾ ಮೆಟ್ಟಿ ನಡೆಯುವವನು ಇಲ್ಲದಿದ್ದರೆ ಮಾಳಿಗೆಯಿಂದ ಮಾಳಿಗೆಗೆ ಹಾರುವವನಿಗೆ ತೂಕ ಬರುತ್ತಿರಲಿಲ್ಲ. ಸೂಪರ್‌ಮ್ಯಾನ್ ಅಭಿಮಾನಿಗಳು ಜಾನ್ ಬರ್ನ್ ಅವರ 1986ರ ಆರು ಸಂಚಿಕೆಗಳ ‘ಮ್ಯಾನ್ ಆಫ್ ಸ್ಟೀಲ್’ ಇದಕ್ಕಿಂತ ಮೇಲು ಎನ್ನುತ್ತಾರೆ. ಅದರಲ್ಲಿ ಸಾಕು ತಂದೆ ತಾಯಿಯನ್ನು ಬದುಕಿಸಿಟ್ಟದ್ದು ಒಳ್ಳೆಯ ಬದಲಾವಣೆ, ಆದರೆ ಸಂಚಿಕೆಯಿಂದ ಸಂಚಿಕೆಗೆ ದೊಡ್ಡ ಜಿಗಿತಗಳು, ಇಲ್ಲಿಯ ಬಿಗಿ ಅಲ್ಲಿಲ್ಲ.

ಮಕ್ಕಳಿಗೆ ಕೊಡುವ ಪುಸ್ತಕವಲ್ಲ. ರಕ್ತ, ಸೂಳೆಗೇರಿ, ಗಾರ್ಡನ್‌ನ ಎಳೆ ಕೂಸನ್ನು ಸೇತುವೆಯಿಂದ ಕೆಳಗೆ ಬೀಳಿಸುವ ದೃಶ್ಯ, ಎಲ್ಲ ಇದೆ. ಹೈಸ್ಕೂಲು ಮುಗಿಸಿದವರಿಗೆ ಸರಿ. ಆ ಕೂಸನ್ನು ಹಿಡಿಯುವವನು ಮುಖವಾಡವಿಲ್ಲದ ಬ್ರೂಸ್. ಎದುರಿಗೆ ನಿಂತ ಗಾರ್ಡನ್ ತನ್ನ ಕನ್ನಡಕ ಬಿದ್ದಿದೆ, ಏನೂ ಕಾಣದು ಎನ್ನುತ್ತಾನೆ. ನಿಜವಾಗಿ ಕಾಣಲಿಲ್ಲವೋ, ಕಾಣಬಾರದೆಂದು ತೀರ್ಮಾನಿಸಿದನೋ ಎಂಬುದರ ಮೇಲೆ ಓದುಗರು ಇವತ್ತಿಗೂ ಎರಡು ಪಾಲು. ಚಿತ್ರದಲ್ಲಿ ಅವನ ಕಣ್ಣು ನೆಟ್ಟಗೆ ಬ್ರೂಸನ ಕಡೆಗಿದೆ ಎನ್ನುವವರ ಪಾಲಿಗೆ ನಾವು.

ಪೇಪರ್‌ಬ್ಯಾಕ್ ತಂದವರು ಮೊದಲ ದಿನವೇ ಪೂರ್ತಿ ಅಗಲಿಸಿ ತೆರೆಯಬೇಡಿ. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಮುಂದಿನಿಂದ ನಾಲ್ಕೈದು ಹಾಳೆ, ಹಿಂದಿನಿಂದ ನಾಲ್ಕೈದು ಹಾಳೆ ಮೆಲ್ಲಗೆ ಒತ್ತುತ್ತ ನಡುವಿನವರೆಗೆ ಬನ್ನಿ. ನಮ್ಮ ಬೇಸಿಗೆಯಲ್ಲಿ, ಅದೂ ತಗಡಿನ ಮಾಡಿನ ಕೆಳಗೋ ನಿಲ್ಲಿಸಿದ ಕಾರಿನಲ್ಲೋ ಇಟ್ಟರೆ ಬೆನ್ನಿನ ಗೋಂದು ಒಣಗಿ ಬಿರಿದು ಹಾಳೆ ಉದುರುತ್ತದೆ. ಹಳೆ ಪ್ರತಿ ಕೊಳ್ಳುವುದಾದರೆ ನಾಲ್ಕೂ ಅಧ್ಯಾಯ ಇವೆಯೇ ಎಂದು ಎಣಿಸಿ, ಆಮೇಲೆ ಕೊನೆಯ ಹಾಳೆ ನೋಡಿ. ಹಾಳೆ ಸಡಿಲವಾದ ಪ್ರತಿಗಳಲ್ಲಿ ಮೊದಲು ಕಳೆದುಹೋಗುವುದು ಅದೇ. ಅದರ ಮೇಲೆ ಡಿಸೆಂಬರ್ 3ರ ತಾರೀಖು ಇರಬೇಕು. ನೀರಿನ ಜಲಾಶಯಕ್ಕೆ ವಿಷ ಬೆರೆಸುವೆನೆಂದು ಬೆದರಿಸಿದ ಜೋಕರ್ ಎಂಬವನ ಸುದ್ದಿ ಹಿಡಿದುಕೊಂಡು, ಚಳಿಯಲ್ಲಿ ಮಾಳಿಗೆಯ ಮೇಲೆ ಗೆಳೆಯನಿಗಾಗಿ ಕಾಯುತ್ತ ನಿಂತ ಗಾರ್ಡನ್ ಇರಬೇಕು.